ಲ್ಯಾಂಪ್ ರೂಮಿನ ಹಗ್ಗ

ಫೆಬ್ರವರಿ 3, 2025, ಸೋಮವಾರ

ಮೈಯೆಲ್ಲ ಉರಿಯುತ್ತಿದೆ. ಮನೆಯಲ್ಲಿ ಕೂಗಾಡಿದರೆ ಹೆಂಡತಿ ಶಾಂತಮ್ಮ ಬಿ.ಪಿ. ಮಾತ್ರೆ ತಂದು ಕೈಗಿಡುತ್ತಾಳೆ. ಕೆಲಸದಲ್ಲಿ ಕೂಗಾಡಿದರೆ ಹುಡುಗರು ಮೊಬೈಲಿನಲ್ಲಿ ಹಿಡಿಯುತ್ತಾರೆ. ಅದಕ್ಕೇ ಈ ಡೈರಿ. ಬ್ಯಾಟರಿ ಅಂಗಡಿಯವನು ಹೊಸ ವರ್ಷಕ್ಕೆ ಕೊಟ್ಟದ್ದು, ತಿಂಗಳಿಂದ ಖಾಲಿ ಬಿದ್ದಿತ್ತು. ಇದರ ಮೇಲೆ ಎಷ್ಟು ಕೂಗಾಡಿದರೂ ಕೇಳುವವರಿಲ್ಲ.

ಇವತ್ತು ನಮ್ಮ ಟ್ರಸ್ಟಿನ ಸೆಕ್ರೆಟರಿ ರಾಮಚಂದ್ರಪ್ಪ ಬಂಗಾರಪೇಟೆ ಆಫೀಸಿನಿಂದ ಕಾರಿನಲ್ಲಿ ಬಂದ. ಕೂತ ಕುರ್ಚಿ ಬಿಸಿಯಾಗುವುದರೊಳಗೆ ಹೇಳಿ ಎದ್ದ. ನಮ್ಮ ತರಬೇತಿ ಕೇಂದ್ರದಲ್ಲಿ ಜೂನ್‌ನಿಂದ ವಾಹನದ ಕೋರ್ಸು ಒಂದೇ. ಬ್ಯಾಟರಿ ಕಾರೋ, ಹೈಡ್ರೋಜನ್ ಕಾರೋ, ಟ್ರಸ್ಟಿನವರು ಆರಿಸುತ್ತಾರೆ. 24ನೇ ತಾರೀಕು ನಾನೂ ಹೈಡ್ರೋಜನ್ ಕಲಿಸುವ ಆ ಬಳ್ಳಾರಿ ಹುಡುಗಿಯೂ ಅವರ ಮುಂದೆ ನಮ್ಮ ನಮ್ಮ ಸರಕು ತೋರಿಸಬೇಕು. ಕೋರ್ಸು ಒಂದಾದರೆ ಮೇಷ್ಟರೂ ಒಬ್ಬರೇ. ಇನ್ನೊಬ್ಬರು ಮನೆಗೆ.

ಹನ್ನೊಂದು ವರ್ಷದ ಹಿಂದೆ ಊರಿಗಾಂನ ಈ ಹಳೇ ಲ್ಯಾಂಪ್ ರೂಮನ್ನು ಪಾರಿವಾಳಗಳಿಂದ ಬಿಡಿಸಿಕೊಂಡು ಬ್ಯಾಟರಿ ಲ್ಯಾಬ್ ಮಾಡಿದವನು ನಾನು. ಚಿನ್ನದ ಗಣಿ ನಡೆಯುತ್ತಿದ್ದಾಗ ನಮ್ಮಪ್ಪ ವೆಂಕಟಪ್ಪ ಇದೇ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದ. ಕೆಳಗಿಳಿಯುವವರ ತಲೆದೀಪದ ಬ್ಯಾಟರಿಗಳನ್ನು ಚಾರ್ಜಿಗಿಟ್ಟು, ಪಾಳಿ ಪಾಳಿಗೂ ಎಣಿಸಿ ಕೊಡುವುದು ಅವನ ಕೆಲಸ. ಅಂಥ ಜಾಗಕ್ಕೆ ಆರು ತಿಂಗಳ ಹಿಂದೆ ಬಂದ ಹುಡುಗಿಯ ಜೊತೆ ನಾನು ಪರೀಕ್ಷೆ ಬರೆಯಬೇಕು. ಐವತ್ತೇಳನೇ ವಯಸ್ಸಿನಲ್ಲಿ. ಇವರಿಗೆಲ್ಲ ತಲೆ ಕೆಟ್ಟಿದೆ.

ಫೆಬ್ರವರಿ 5, ಬುಧವಾರ

ಹುಡುಗರ ಮುಂದೆಯೇ ಶುರುವಾಯಿತು. ಲ್ಯಾಬಿನ ಈ ಕಡೆ ನನ್ನ ಬೆಂಚು, ಆ ಕಡೆ ಅವಳ ಬೆಂಚು. ಅವಳ ಬೆಂಚಿನ ಮೇಲೆ ಒಂದು ಮಗುವಿನ ಆಟಿಕೆಯಷ್ಟಿರುವ ಫ್ಯುಯೆಲ್ ಸೆಲ್ ಕಾರು. ಹೊರಗಿನ ಕಂಬಿ ಗೂಡಿನಲ್ಲಿ ಸಿಲಿಂಡರು, ಅಲ್ಲಿಂದ ಒಳಕ್ಕೆ ಪೈಪು. ಹೈಡ್ರೋಜನ್ ಹೋದರೆ ಕಾರು ಓಡುತ್ತದೆ, ಬಾಲದಿಂದ ಎರಡು ಹನಿ ನೀರು ಬೀಳುತ್ತದೆ. ಆ ನೀರು ನೋಡಿ ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಪಿತ್ತ ನೆತ್ತಿಗೇರಿತು.

ಬೋರ್ಡಿನ ಮೇಲೆ ಬರೆದೇ ತೋರಿಸಿದೆ. ನೂರು ಯೂನಿಟ್ ಕರೆಂಟು ಬ್ಯಾಟರಿಗೆ ಹಾಕಿದರೆ ಎಪ್ಪತ್ತರ ಮೇಲೆ ಚಕ್ರಕ್ಕೆ ಮುಟ್ಟುತ್ತದೆ. ಅದೇ ನೂರರಿಂದ ನೀರನ್ನು ಒಡೆದು ಹೈಡ್ರೋಜನ್ ಮಾಡಿ, ಒತ್ತಿ ತುಂಬಿ, ಕಾರಿನೊಳಗೆ ಮತ್ತೆ ಕರೆಂಟು ಮಾಡಿಕೊಂಡರೆ ಮೂವತ್ತು ಮುಟ್ಟಿದರೆ ಪುಣ್ಯ. ಕೈಯಲ್ಲಿರುವ ಕರೆಂಟನ್ನು ಕೊಟ್ಟು ಮತ್ತೆ ಕರೆಂಟನ್ನೇ ತರುವ ಬುದ್ಧಿವಂತಿಕೆ ಯಾವ ಊರಿನದು ಅಂತ ಕೇಳಿದೆ.

ಅವಳು ಹೆದರುವವಳಲ್ಲ. "ಲೆಕ್ಕ ಸರಿ ಐತ್ರಿ ಸರ್. ಆದ್ರ ಕೋಲಾರದ ಟೊಮ್ಯಾಟೊ ಲಾರಿ ಕಲ್ಕತ್ತಾಕ್ಕ ಹೋಗಬೇಕಂದ್ರ ಎಷ್ಟು ಟನ್ ಬ್ಯಾಟರಿ ಹೊರಸ್ತೀರಿ? ಚಾರ್ಜಿಗೆ ನಿಲ್ಸಿದಾಗೆಲ್ಲ ಟೊಮ್ಯಾಟೊ ಕಾಯ್ತದೇನ್ರಿ? ನಂದು ಹತ್ತು ನಿಮಿಷದಾಗ ತುಂಬ್ತೈತಿ."

"ತುಂಬೋಕೆ ಬಂಕ್ ಎಲ್ಲಮ್ಮ ಇದೆ? ಬೂದಿಕೋಟೆಯಲ್ಲೋ?"

ಹುಡುಗರು ನಕ್ಕರು. ಅವಳೂ ನಕ್ಕುಬಿಟ್ಟಳು, ಅದೇ ನನಗೆ ಆಗದ್ದು. ಜಗಳದಲ್ಲಿ ನಗುವವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಫೆಬ್ರವರಿ 10, ಸೋಮವಾರ

ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದೆ, ಮಾಡಿನಲ್ಲಿ ಕೂತ ಪಾರಿವಾಳಗಳು ನನ್ನ ಬ್ಯಾಟರಿಗಳ ಮೇಲೆ ಗಲೀಜು ಮಾಡುತ್ತವೆ, ಫಾಲ್ಸ್ ಸೀಲಿಂಗ್ ಹಾಕಿಸಿ ಅಂತ. ಟ್ರಸ್ಟಿನವರು ಬರುತ್ತಾರೆ ಅಂದಮೇಲೆ ಈಗ ಕಣ್ಣು ಬಿಟ್ಟಿದ್ದಾರೆ. ಎರಡೇ ದಿನದಲ್ಲಿ ಬೆಳ್ಳಗೆ ಮುಚ್ಚಿದರು. ಮದುವೆ ಛತ್ರದ ಹಾಗೆ ಕಾಣುತ್ತಿದೆ. ಹನ್ನೊಂದು ವರ್ಷದಲ್ಲಿ ನನ್ನ ಒಂದು ಮಾತು ನಡೆದದ್ದು ಇದೇ ಮೊದಲು.

ವರ್ಷಗಳಿಂದ ತೆರೆದೇ ಇದ್ದ ಮಾಡಿನ ನೆತ್ತಿಯ ಕಿಂಡಿಯನ್ನೂ ಕೆಲಸದವರು ಮುಚ್ಚಿ, ಅದರಿಂದ ಇಳಿಬಿದ್ದಿದ್ದ ಹಗ್ಗವನ್ನು ಕತ್ತರಿಸಿ ಎಸೆದಿದ್ದರು. ಅಪ್ಪ ಎಳೆಯುತ್ತಿದ್ದ ಹಗ್ಗ. ಮನೆಗೆ ತಂದೆ. ಶಾಂತಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿಕೊಂಡಳು.

ಚಿಕ್ಕವನಾಗಿದ್ದಾಗ ಅಪ್ಪನಿಗೆ ಊಟ ಕೊಡಲು ಹೋಗುತ್ತಿದ್ದೆ. ಅವನು ಚಾರ್ಜಿಗೆ ಸ್ವಿಚ್ ಹಾಕುವ ಮುಂಚೆ ಹಗ್ಗ ಜಗ್ಗಿ ಮೇಲಿನ ಕಿಂಡಿ ತೆರೆದು "ಗಾಳಿ! ಗಾಳಿ! ಗಾಳಿ!" ಅಂತ ಮೂರು ಸಲ ಕೂಗುತ್ತಿದ್ದ. ಬೀಡಿ ಸೇದುತ್ತಿದ್ದವರು ಎದ್ದು ಹೊರಗೆ ಹೋಗಬೇಕು. ಮೂರು ಸಲ ಯಾಕೆ ಅಂತ ಒಮ್ಮೆ ಕೇಳಿದ್ದೆ. "ಒಂದು ಒಳಗಿರೋರಿಗೆ ಕಣ್ಲಾ. ಇನ್ನೊಂದು ಬಾಗ್ಲಾಗಿರೋರಿಗೆ. ಮೂರ್ನೇದು ಕೇಳಿಸ್ಕೊಂಡೂ ಕೇಳಿಸ್ದಂಗೆ ಇರೋರಿಗೆ" ಅಂದಿದ್ದ. ಆಗಿನವರಿಗೆ ಎಲ್ಲದಕ್ಕೂ ಒಂದು ಶಾಸ್ತ್ರ.

ವಾಚ್‌ಮನ್ ಸೆಲ್ವರಾಜ್ ಸೀಲಿಂಗನ್ನು ನೋಡಿ ಮುಖ ಸಿಂಡರಿಸಿದ. ಹಳೇ ಗಣಿ ಕಾರ್ಮಿಕ, ಅಪ್ಪನ ಕೈಯಿಂದ ದೀಪ ಇಸಿದುಕೊಂಡವನು. "ಎನ್ನ ಸಾರ್, ಮೇಲೆ ಎಲ್ಲಾ ಮುಚ್ಚಿಟ್ರಾ?" ಅಂದ. ಅವನಿಗೆ ಹೊಸದೇನೂ ಆಗಿಬರುವುದಿಲ್ಲ.

ಫೆಬ್ರವರಿ 12, ಬುಧವಾರ

ಬಳ್ಳಾರಿ ಹುಡುಗಿ ಏಣಿ ಹತ್ತಿ ಹೊಸ ಸೀಲಿಂಗಿಗೆ ಒಂದು ಡಬ್ಬಿ ಅಂಟಿಸಿದಳು. ಗ್ಯಾಸ್ ಸೆನ್ಸರ್ ಅಂತೆ. ಹೈಡ್ರೋಜನ್ ಹಗುರ, ಸೋರಿದರೆ ಮೇಲಕ್ಕೇ ಏರುತ್ತದೆ, ಅದಕ್ಕೆ ಅಲ್ಲಿ. ಏಣಿಯ ಮೇಲಿನಿಂದಲೇ ಕೇಳಿದಳು: "ಸರ್, ಈ ಸೀಲಿಂಗ್ ಮ್ಯಾಲಿಂದ ಗಾಳಿ ಹೊರಗ ಹೋಗಾಕ ದಾರಿ ಐತೇನ್ರಿ?"

"ನಿಮ್ಮ ಗ್ಯಾಸಿಗೆ ದಾರಿ ಹುಡುಕೋಕೆ ನಾನ್ಯಾರು?" ಅಂದೆ.

ಸರಿಯಾಗಿ ಕೊಟ್ಟೆ.

ಫೆಬ್ರವರಿ 20, ಗುರುವಾರ

ಆರು ಹಳೇ ಇ-ರಿಕ್ಷಾ ಬ್ಯಾಟರಿಗಳನ್ನು ತಂದಿದ್ದೇನೆ. ಸೀಸದವು, ಗುಜರಿಯವನು ಎಸೆದಿದ್ದವು. ಅವಕ್ಕೆ ಜೀವ ತುಂಬಿ, ಅವುಗಳಿಂದಲೇ ಟ್ರಸ್ಟಿನವರನ್ನು ಕೂರಿಸಿಕೊಂಡು ಗಾಡಿ ಓಡಿಸುವುದು ನನ್ನ ಯೋಚನೆ. ಸತ್ತ ಬ್ಯಾಟರಿಯೇ ಹೀಗಾದರೆ ಹೊಸ ಲಿಥಿಯಂ ಹೇಗಿರಬಹುದು ಅಂತ ಅವರೇ ಕೇಳಬೇಕು. ಸಿಲಿಂಡರ್ ಇಲ್ಲ, ಒತ್ತಡ ಇಲ್ಲ, ಸಿಡಿಯುವ ಭಯ ಇಲ್ಲ.

ಸಂಜೆ ಯಾವುದೋ ಕಾಗದಕ್ಕೆ ಬಂಗಾರಪೇಟೆ ಆಫೀಸಿಗೆ ಹೋಗಿದ್ದೆ. ಸ್ಟೇಷನ್ ಹತ್ತಿರದ ಪಾನಿಪುರಿ ಗಾಡಿಯ ಮುಂದೆ ಆ ಹುಡುಗಿ ನಿಂತಿದ್ದಳು. ನೋಡದ ಹಾಗೆ ಹೋಗಬೇಕೆಂದಿದ್ದೆ, ಕರೆದಳು. ನಮ್ಮೂರ ಬಿಳಿ ನೀರಿನ ಪಾನಿಪುರಿ ಅವಳಿಗೆ ಇನ್ನೂ ಆಶ್ಚರ್ಯವಂತೆ. ಆಮೇಲೆ ತಟ್ಟೆ ಹಿಡಿದುಕೊಂಡೇ ಅಂದಳು: "ಇದು ನಂದು ಮೂರನೇ ಕಾಂಟ್ರಾಕ್ಟ್ ರೀ ಸರ್. ಎರಡು ಕಡೆ ಲ್ಯಾಬೇ ಮುಚ್ಚಿದ್ರು. ಸೋತ್ರ ಸೋತಂಗ. ಆದ್ರ ಆಟ ಸರಿ ಆಡೂಣು."

ಹೂಂ ಅಂದು ಬಂದೆ. ನನಗೇ ಆಟದ ನಿಯಮ ಹೇಳಿಕೊಡುತ್ತಾಳೆ.

ಫೆಬ್ರವರಿ 24, ಸೋಮವಾರ

ಗೆದ್ದೆ.

ಬೆಳಿಗ್ಗೆ ಆರಕ್ಕೇ ಹೋಗಿ ಆರೂ ಬ್ಯಾಟರಿಗಳನ್ನು ಜೋರು ಚಾರ್ಜಿಗೆ ಹಾಕಿದ್ದೆ. ಒಂದೂ ಕೈಕೊಡಬಾರದು ನೋಡಿ. ಧೂಳು ಬರುತ್ತದೆಂದು ಕಿಟಕಿಗಳನ್ನೂ ಮುಚ್ಚಿಸಿದೆ. ಗಣಿಯ ಕಸದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ ಬಿಳೀ ಅಂಗಿಯವರ ಗತಿ ನನಗೆ ಗೊತ್ತಿದೆ. ಹತ್ತು ಗಂಟೆಗೆ ಟ್ರಸ್ಟಿನವರು ಬಂದು ಕೂತರು. ಮೊದಲು ಅವಳ ಸರದಿ. ಅವಳು ಮಾತು ಶುರು ಮಾಡಿ ಎರಡು ನಿಮಿಷವಾಗಿರಲಿಲ್ಲ, ಮೇಲಿನ ಡಬ್ಬಿ ಕಿವಿ ಕಿತ್ತು ಹೋಗುವ ಹಾಗೆ ಕಿರುಚಿಕೊಂಡಿತು. ಕೆಂಪು ದೀಪ ಹೊಡೆದುಕೊಳ್ಳುತ್ತಿತ್ತು.

ನಾನೇ ಮೊದಲು ಎದ್ದವನು. "ಗ್ಯಾಸ್ ಸೋರಿದೆ, ಎಲ್ಲರೂ ಹೊರಗೆ ನಡೀರಿ, ನಾನು ಮೊದಲೇ ಹೇಳಿದ್ದೆ" ಅಂತ ಕೂಗಿದೆ. ಕುರ್ಚಿಗಳು ಬಿದ್ದವು. ರಾಮಚಂದ್ರಪ್ಪ ತನ್ನ ಹಾರದ ಬುಟ್ಟಿಯನ್ನೇ ತುಳಿದುಕೊಂಡು ಓಡಿದ. ಅವಳು ಓಡಲಿಲ್ಲ. ಮೊದಲು ಮೇನ್ ಸ್ವಿಚ್ ಆರಿಸಿ, ಕಿಟಕಿ ತೆಗೆದು, ಆಮೇಲೆ ಹೊರಗೆ ಸಿಲಿಂಡರಿನ ಹತ್ತಿರ ನಿಂತಳು.

"ಸರ್, ಗೇಜ್ ನೋಡ್ರಿ. ನಾ ಇನ್ನೂ ವಾಲ್ವೇ ತೆಗದಿಲ್ರಿ."

ಯಾರೂ ನೋಡಲಿಲ್ಲ.

"ಗೇಜ್ ನೋಡ್ರಿ ಸರ್, ಮುಳ್ಳು ಇಳಿದಿಲ್ಲ."

ರಾಮಚಂದ್ರಪ್ಪ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅವಳು ನನ್ನ ಕಡೆ ತಿರುಗಿದಳು. "ನೀವರ ನೋಡ್ರಿ. ನಿಮಗ ಗೊತ್ತಾಗ್ತೈತಿ."

ನಾನು ಕರ್ಚೀಫಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಫೆಬ್ರವರಿ 25, ಮಂಗಳವಾರ

ವರದಿ ಬರೆದುಕೊಡಲು ನನಗೇ ಹೇಳಿದರು. ಮೂರು ಪುಟ ಬರೆದೆ. ಒಳ್ಳೆಯ ಅಕ್ಷರ. "ಸಿಲಿಂಡರಿನ ನಿರ್ವಹಣೆಯಲ್ಲಿ ಬೇಜವಾಬ್ದಾರಿ" ಅಂತ ಒಂದು ಸಾಲು ಸೇರಿಸಿ ಎಂದು ರಾಮಚಂದ್ರಪ್ಪನೇ ಫೋನಿನಲ್ಲಿ ಹೇಳಿದ. ಸೇರಿಸಿದೆ. ಅವಳಿಗೆ ಇನ್ನು ಬರಬೇಡ ಅಂದರಂತೆ. ಸಿಲಿಂಡರನ್ನು ಗಾಡಿಯಲ್ಲಿ ಬಂಗಾರಪೇಟೆಗೆ ಸಾಗಿಸಿದರು. ಆ ಸಾಲು ಅವಳ ಸರ್ಟಿಫಿಕೇಟಿನಲ್ಲೂ ಬರುತ್ತದಂತೆ. ಇನ್ನು ಯಾವ ಲ್ಯಾಬಿನವರು ಸೇರಿಸಿಕೊಳ್ಳುತ್ತಾರೋ.

ಶಾಂತಮ್ಮ ಪಾಯಸ ಮಾಡಿದ್ದಳು. ಸಕ್ಕರೆ ಜಾಸ್ತಿ ಹಾಕಿದ್ದಾಳೆ ಅಂತ ಬೈದೆ. "ಗೆದ್ದಿದ್ದೀನಿ ಅಂತೀರ, ಮತ್ಯಾಕೆ ಅಂಗೆ ಉರ್ಕೊಂತೀರ?" ಅಂದಳು.

ಫೆಬ್ರವರಿ 27, ಗುರುವಾರ

ಈ ಸೆಲ್ವರಾಜ್‌ಗೆ ಬುದ್ಧಿ ಇಲ್ಲ. ಟೀ ತಂದಿಟ್ಟು, ಹೋಗದೆ ನಿಂತ.

"ಸಾರ್, ಅನ್ನಿಕ್ಕಿ, ಅವತ್ತು ಬೆಳಿಗ್ಗೆ ಚಾರ್ಜ್ ಹಾಕಿದ್ದು ಯಾರು?"

"ನಾನೇ. ಏನೀಗ?"

"ಗಾಳಿ ಅಂತ ಕೂಗಿದ್ರಾ?"

"ಹೋಗಯ್ಯ ಕೆಲಸ ನೋಡು" ಅಂದೆ. ಹೋದ. ಬಾಗಿಲಲ್ಲಿ ತಿರುಗಿ, "ನಿಮ್ಮಪ್ಪ ಆಗಿದ್ರೆ ಕಿಂಡಿ ತೆಗೀದೆ ಸ್ವಿಚ್ ಮುಟ್ತಿರ್ಲಿಲ್ಲ ಸಾರ್" ಅಂದ.

ಟೀ ಆರಿಹೋಯಿತು.

ಫೆಬ್ರವರಿ 28, ಶುಕ್ರವಾರ

ರಜಾ ಹಾಕಿದೆ. ಬರೆಯಲು ಏನೂ ಇಲ್ಲ.

ಮಾರ್ಚ್ 1, ಶನಿವಾರ

ಹುಡುಗರು ಇಲ್ಲದಾಗ ಹೋದೆ. ಸಿಲಿಂಡರಿನ ಗೂಡು ಖಾಲಿ, ಪೈಪು ಕಿತ್ತಿದ್ದಾರೆ. ಅವಳ ಸೆನ್ಸರ್ ಮಾತ್ರ ಮೇಲೆ ಹಸಿರು ದೀಪ ಮಿನುಗಿಸುತ್ತಾ ಇತ್ತು. ಕಿಟಕಿ ಹಾಕಿ, ಆರು ಬ್ಯಾಟರಿಗಳನ್ನು ಅವತ್ತಿನ ಹಾಗೆಯೇ ಜೋರು ಚಾರ್ಜಿಗೆ ಹಾಕಿ, ಬಾಗಿಲ ಹೊರಗೆ ಕೂತೆ.

ನಾಲ್ಕು ಗಂಟೆ ಹತ್ತು ನಿಮಿಷ ಕಳೆದಾಗ ಕಿರುಚಿಕೊಂಡಿತು.

ಹೊರಗಿನ ಪೆಟ್ಟಿಗೆಯಲ್ಲಿ ಸ್ವಿಚ್ ಆರಿಸಿದೆ. ಕಿಟಕಿ ಬಾಗಿಲು ತೆಗೆದು, ಅದು ಸುಮ್ಮನಾಗುವವರೆಗೂ ಅಲ್ಲೇ ನಿಂತಿದ್ದೆ.

ಸೀಸದ ಬ್ಯಾಟರಿಗೆ ಮಿತಿ ಮೀರಿ ಚಾರ್ಜ್ ಕೊಟ್ಟರೆ ಒಳಗಿನ ನೀರು ಒಡೆದು ಹೈಡ್ರೋಜನ್ ಆಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇ? ಪ್ರತಿ ವರ್ಷ ಎರಡನೇ ವಾರದಲ್ಲಿ ನಾನೇ ಮಾಡುವ ಪಾಠ. ಹುಡುಗರಿಗೆ ಪರೀಕ್ಷೆಯಲ್ಲಿ ಕೇಳುತ್ತೇನೆ, ಬರೆಯದವನಿಗೆ ಬೆಂಚಿನ ಮೇಲೆ ನಿಲ್ಲು ಅನ್ನುತ್ತೇನೆ. ಹೈಡ್ರೋಜನ್ ಅಂದರೆ ಅವಳದು, ಬ್ಯಾಟರಿ ಅಂದರೆ ನನ್ನದು ಅಂತ ಆರು ತಿಂಗಳು ಕೂಗಾಡಿ ಕೂಗಾಡಿ ನನ್ನ ಪಾಠವೇ ನನಗೆ ಮರೆತಿತ್ತು. ಅದು ಹೊರಗೆ ಹೋಗುವ ಕಿಂಡಿಯನ್ನು ಅರ್ಜಿ ಹಾಕಿ ಮುಚ್ಚಿಸಿದವನೂ ನಾನೇ. ಯಾರಾದರೂ ಒಂದು ಬೀಡಿ ಹಚ್ಚಿದ್ದರೆ?

ಥೂ. ಇಷ್ಟು ವರ್ಷ ಊರಿನವರನ್ನೆಲ್ಲ ದಡ್ಡರು ಅಂದುಕೊಂಡು ಓಡಾಡಿದೆನಲ್ಲ.

ಅವಳು ಗೇಜ್ ನೋಡಿ ಅಂತ ಮೂರು ಸಲ ಹೇಳಿದಳು. ಮೂರನೇ ಸಲ ಹೇಳಿದ್ದು ನನಗೇ.

ಮಾರ್ಚ್ 3, ಸೋಮವಾರ

ಬಂಗಾರಪೇಟೆಗೆ ಹೋಗಿ ರಾಮಚಂದ್ರಪ್ಪನ ಮುಂದೆ ನಿಂತು ಎಲ್ಲ ಹೇಳಿದೆ. ಗ್ಯಾಸು ನನ್ನ ಬ್ಯಾಟರಿಯದು, ಆ ಹುಡುಗಿ ಸೌಂದರ್ಯಾದು ಏನೂ ತಪ್ಪಿಲ್ಲ, ವರದಿ ವಾಪಸ್ಸು ಕೊಡಿ ಅಂದೆ.

ಅವನು ಬಾಗಿಲು ಹಾಕಿಕೊಂಡು ಬಂದ. "ಮುನಿರಾಜು, ಕೂತ್ಕೋ. ಕೋರ್ಸು ನಿಂಗೇ ಬಂತಲ್ಲಪ್ಪ. ಆಯಮ್ಮ ಓಗಿದ್ದೂ ಆಯ್ತು. ಈಗ್ಯಾಕೆ ಕೆದುಕ್ತೀಯ? ಎಲ್ಲಾದ್ರೂ ಕೆಲ್ಸ ಸಿಗ್ತದೆ ಬಿಡು, ಚಿಕ್ಕ ವಯಸ್ಸು."

"ಬೇಜವಾಬ್ದಾರಿ ಅಂತ ಬರೆದಮೇಲೆ ಯಾರಯ್ಯ ಕೊಡ್ತಾರೆ ಕೆಲಸ?"

"ಬರ್ದೋನು ನೀನೇ ಅಲ್ವಾ?"

ಅಲ್ಲಿಯವರೆಗೂ ತಡೆದುಕೊಂಡಿದ್ದೆ. ಆಮೇಲೆ ನಾನು ಕೂಗಿದ್ದು ರೈಲ್ವೆ ಸ್ಟೇಷನ್ನಿಗೂ ಕೇಳಿಸಿರಬೇಕು. "ಹೌದು, ನಾನೇ ಬರೆದೆ. ನೀನು ಹೇಳಿದ ಸಾಲನ್ನೂ ಬರೆದೆ. ಈಗ ಇದನ್ನೂ ಬರೆದಿದ್ದೀನಿ" ಅಂತ ಕಾಗದ ಮೇಜಿಗೆ ಕುಟ್ಟಿದೆ. ಟ್ರಸ್ಟಿನ ಏಳು ಜನಕ್ಕೂ ಒಂದೊಂದು ಪ್ರತಿ ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿಯೇ ಅವನ ಹತ್ತಿರ ಹೋಗಿದ್ದೆ. ಅದು ಕೇಳಿ ಅವನ ಮುಖ ನೋಡಬೇಕಿತ್ತು.

ಎಂಟನೆಯದು ಸೌಂದರ್ಯಾಗೆ. ಅವಳ ರೂಮಿಗೆ ಬೀಗ ಇತ್ತು. ಬಾಗಿಲ ಕೆಳಗೆ ತೂರಿಸಿದೆ.

ಮಾರ್ಚ್ 4, ಮಂಗಳವಾರ

ಹುಡುಗರ ಎದುರಿಗೇ ಏಣಿ ಹತ್ತಿ ಫಾಲ್ಸ್ ಸೀಲಿಂಗನ್ನು ಕಬ್ಬಿಣದ ಸಲಾಕೆಯಲ್ಲಿ ತಿವಿದು ಕೆಡವಿದೆ. ತಲೆಗೆಲ್ಲ ಸುಣ್ಣ. ಯಾಕೆ ಸಾರ್ ಅಂತ ಕೇಳಿದರು. ಆದದ್ದನ್ನೆಲ್ಲ ಬೋರ್ಡಿನ ಮೇಲೆ ಬರೆದೆ, ನನ್ನ ಹೆಸರು ಸಮೇತ. ನಗುತ್ತಾರೆ ಅಂದುಕೊಂಡಿದ್ದೆ. ನೋಟ್ ಪುಸ್ತಕ ತೆಗೆದು ಬರೆದುಕೊಂಡರು. ಕತ್ತೆಗಳು, ಎರಡನೇ ವಾರದ ಪಾಠವನ್ನು ಹೀಗೆ ಬರೆದುಕೊಂಡಿದ್ದರೆ ಆಗುತ್ತಿರಲಿಲ್ಲವೇ?

ಸೆಲ್ವರಾಜ್ ಕಸ ಗುಡಿಸಿದ. ಟೀ ತಂದ.

ಮಾರ್ಚ್ 7, ಶುಕ್ರವಾರ

ಟ್ರಸ್ಟಿನ ಪತ್ರ ಬಂತು. ನನ್ನ ಸೇವೆ ಸಾಕಂತೆ. ಸೌಂದರ್ಯಾಳನ್ನು ವಾಪಸ್ಸು ಕರೆದಿದ್ದಾರೆ, ಜೂನ್‌ನಿಂದ ಹೈಡ್ರೋಜನ್ ಕೋರ್ಸು. ಮೂವತ್ತು ಯೂನಿಟ್! ಎಪ್ಪತ್ತು ಬಿಟ್ಟು ಮೂವತ್ತನ್ನು ಆರಿಸಿದ ಮಹಾನುಭಾವರು. ನನ್ನದು ತಪ್ಪು ಅಂದಮಾತ್ರಕ್ಕೆ ನನ್ನ ಲೆಕ್ಕ ತಪ್ಪೇ? ಅದನ್ನು ಕೇಳುವವರು ಯಾರೂ ಇಲ್ಲ.

ಶಾಂತಮ್ಮ ಮಾತ್ರೆ ತರಲಿಲ್ಲ. ಪಕ್ಕದಲ್ಲಿ ಕೂತು, "ಓಗ್ಲಿ ಬಿಡಿ, ನಿಮ್ಮಪ್ಪ ಇದ್ದಿದ್ರೆ ಬೈತಿರ್ಲಿಲ್ಲ" ಅಂದಳು. ಅಳು ಬಂತು. ಬರೆಯದೆ ಯಾರಿಂದ ಬಚ್ಚಿಡಲಿ, ಬಂತು.

ಮಾರ್ಚ್ 10, ಸೋಮವಾರ

ಮಧ್ಯಾಹ್ನ ಸೌಂದರ್ಯಾ ಮೇಡಂ ಗಣಿ ಕಾರ್ಮಿಕರ ಸಾಲಿನಲ್ಲಿರುವ ನಮ್ಮ ಲೈನ್ ಮನೆಗೇ ಬಂದರು. ಊರಿಗಾಂ ಸ್ಟೇಷನ್ನಿನಿಂದ ಬಿಸಿಲಲ್ಲಿ ನಡೆದು ಬಂದಿದ್ದರು. ಕೂರಿ ಅಂದೆ, ಕೂರಲಿಲ್ಲ.

"ನಿಮ್ಮ ಕಾಗದ ಓದಿದ್ನ್ರಿ. ಒಂಬತ್ತು ದಿನ ಊರಾಗ, ಮನ್ಯಾಗ ಯಾರಿಗೂ ಮುಖ ತೋರ್ಸಿಲ್ಲ ನಾನು. ನಮ್ಮಪ್ಪ ಸೈತ ನೀನೇ ಏನರ ಮಾಡಿರ್ಬೇಕು ಅಂದ. ಅದನ್ನ ನಿಮಗ ಹೇಳಬೇಕಂತ ಬಂದೆ."

ನಾನು ಹೂಂ ಅಂದೆ. ಕ್ಷಮಿಸಿ ಅಂತ ಕಾಗದದಲ್ಲಿ ಬರೆದಿದ್ದೆ, ಬಾಯಲ್ಲಿ ಬರಲಿಲ್ಲ. ಬಂದರೂ ಅವರು ಆ ಹೊತ್ತು ಬೇಡ ಅನ್ನುತ್ತಿದ್ದರು.

ಶಾಂತಮ್ಮ ಮಜ್ಜಿಗೆ ಕೊಟ್ಟಳು. ಕುಡಿದು, ಲೋಟ ಇಟ್ಟು, ಕೇಳಿದರು: "ನಿಮ್ಮ ಬ್ಯಾಟರಿ ಬೆಂಚು ಗುಜರಿಗೆ ಹಾಕ್ರಿ ಅಂತಾರ ಆಫೀಸ್ನಾಗ. ನಾ ಬ್ಯಾಡ ಅಂದೀನ್ರಿ. ಫ್ಯುಯೆಲ್ ಸೆಲ್ ಕಾರಿನಾಗೂ ಬ್ಯಾಟರಿ ಇರ್ತೈತಿ. ಬ್ರೇಕ್ ಹಾಕಿದಾಗ ಬರೋ ಕರೆಂಟು ಎಲ್ಲಿ ಇಡೂದು? ಹುಡುಗ್ರು ಎರಡೂ ಕಲೀಬೇಕು. ಆದ್ರ ಮ್ಯಾಲಿನ ಕಿಂಡಿ ತೆಗಿಯಾಕ ಬರವಲ್ದು. ಹಗ್ಗ ಎಲ್ಲಿ?"

ಹಿತ್ತಲಿಗೆ ಹೋದೆ. ಹಗ್ಗದ ತುಂಬ ಶಾಂತಮ್ಮ ಆಗ ತಾನೇ ಹರವಿದ್ದ ಬಟ್ಟೆ. ಒಂದೊಂದಾಗಿ ತೆಗೆಯುವ ತಾಳ್ಮೆ ನನಗೆಲ್ಲಿ, ಗಂಟು ಬಿಚ್ಚಿದೆ. ಸೀರೆ, ಪಂಚೆ, ದುಪ್ಪಟಿ ಎಲ್ಲ ಮಣ್ಣಿಗೆ ಬಿದ್ದವು. ಶಾಂತಮ್ಮ "ಅಯ್ಯೋ ನಿಮ್ಮ ಕೈಗಿಷ್ಟು" ಅಂತ ಶುರು ಮಾಡಿದವಳು ನನ್ನ ಮುಖ ನೋಡಿ ಬಟ್ಟೆ ಆರಿಸಿಕೊಳ್ಳತೊಡಗಿದಳು.

ಹಗ್ಗ ಸುತ್ತಿ ಕೊಟ್ಟೆ. ಸ್ವಿಚ್ ಹಾಕುವ ಮುಂಚೆ ಜಗ್ಗಬೇಕು, ಗಾಳಿ ಅಂತ ಮೂರು ಸಲ ಕೂಗಬೇಕು ಅಂದೆ. ಮೂರು ಯಾಕೆ ಅಂತ ಅವರು ಕೇಳಲಿಲ್ಲ. ಸ್ಟೇಷನ್ ಕಡೆ ನಡೆದರು. ಚೀಲದೊಳಗಿಂದ ಹಗ್ಗದ ತುದಿ ಹೊರಗೆ ಇಣುಕುತ್ತಿತ್ತು.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಒಂಬತ್ತು. ಮನೆ ಮುಂದೆ ಕೂತು ಪೇಪರ್ ಓದುತ್ತಿದ್ದೆ. ಇಲ್ಲಿಂದ ಲ್ಯಾಂಪ್ ರೂಮು ಎಷ್ಟು ದೂರ, ಎರಡು ಸಾಲು ಮನೆ ದಾಟಿದರೆ ಆಯಿತು. ಕಿಂಡಿ ತೆರೆದ ಕಿರ್ರೆನ್ನುವ ಸದ್ದು ಬಂತು. ಅಪ್ಪ ಹೋದಮೇಲೆ ಕೇಳಿರಲಿಲ್ಲ. ಪಾರಿವಾಳಗಳು ಒಟ್ಟಿಗೆ ಎದ್ದವು. ಆಮೇಲೆ ಹುಡುಗರೆಲ್ಲ ಸೇರಿ ಕೂಗಿದರು.

"ಗಾಳಿ! ಗಾಳಿ!"

ಪೇಪರ್ ಇಳಿಸಿ ಕಾದೆ. ಮೂರನೆಯದು ಬರಲಿಲ್ಲ. ಇನ್ನೂ ಕಾದೆ. ಬರಲೇ ಇಲ್ಲ. ಸ್ವಿಚ್ ಹಾಕಿಯೇ ಬಿಟ್ಟಿರುತ್ತಾರೆ, ಬುದ್ಧಿಯಿಲ್ಲದ ಮುಂಡೇವು. ಇಷ್ಟು ಚಿಕ್ಕ ಕೆಲಸವನ್ನೂ ನೆಟ್ಟಗೆ ಮಾಡುವುದಕ್ಕಾಗುವುದಿಲ್ಲ. ಮೂರನೇ ಕೂಗು ಯಾರಿಗೆ ಅಂತ ಅವರಿಗೆ ಯಾರು ಹೇಳಬೇಕು? ಮೇಡಂಗಾದರೂ ಹೇಗೆ ಗೊತ್ತಿರುತ್ತದೆ, ಹೊರಗಿನವರು.

ಅದು ಗೊತ್ತಿರುವವನು ಈ ಊರಿನಲ್ಲಿ ಈಗ ನಾನೊಬ್ಬನೇ. ಶಾಂತಮ್ಮ ನನ್ನ ಚಪ್ಪಲಿ ಎಲ್ಲಿಟ್ಟಿದ್ದಾಳೋ.